ರಾತ್ರಿ ರೈಲಿನಲ್ಲಿ ಪುಟ್ಟ ಮಕ್ಕಳು: ನಿದ್ದೆ ನಿರ್ಧಾರವಾಗುವುದು ಟಿಕೆಟ್ ಕಾದಿರಿಸುವ ದಿನ

ಬೇಸಿಗೆ ರಜೆ, ದಸರಾ ಹಾಗೂ ದೀಪಾವಳಿಯ ದಿನಗಳಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬೀದರ್, ಕಾರವಾರಗಳ ಕಡೆಗೆ ಹೊರಡುವ ರಾತ್ರಿ ರೈಲುಗಳಲ್ಲಿ ಮಕ್ಕಳದೇ ಕಲರವ. ಅಜ್ಜನ ಮನೆಗೆ ಹೊರಟ ಮಕ್ಕಳಿಗೆ ರೈಲು ಪ್ರಯಾಣವೇ ಒಂದು ಹಬ್ಬ. ಆದರೆ ಮೂರು ವರ್ಷದ ಕೂಸನ್ನು ಎದೆಗವಚಿಕೊಂಡು, ಏಳು ವರ್ಷದ ಇನ್ನೊಂದು ಮಗುವನ್ನು ಕಾಲ ಬಳಿ ಮಲಗಿಸಿಕೊಂಡು ಸುಮಾರು ಎರಡಡಿ ಅಗಲದ ಬರ್ತ್‌ನಲ್ಲಿ ರಾತ್ರಿ ಕಳೆಯುವ ತಾಯಿಗೆ ಅದೇ ಪ್ರಯಾಣ ಕಣ್ಣು ಮುಚ್ಚಲಾಗದ ಹತ್ತು ಗಂಟೆಗಳ ಕಾವಲು.

ಮಕ್ಕಳೊಂದಿಗೆ ಪ್ರಯಾಣವೆಂದರೆ ಹೆಚ್ಚಿನವರ ಗಮನ ಚೀಲ, ತಿಂಡಿ, ಆಟಿಕೆಗಳ ಕಡೆಗೇ ಹೋಗುತ್ತದೆ. ಅವು ಬೇಕು, ನಿಜ. ಆದರೆ ರಾತ್ರಿ ಸುಖವಾಗಿ ಕಳೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಟಿಕೆಟ್ ಕಾದಿರಿಸುವಾಗಲೇ. ಯಾವ ರೈಲು, ಯಾವ ದರ್ಜೆ, ಎಷ್ಟು ಬರ್ತ್, ಯಾರು ಎಲ್ಲಿ ಮಲಗುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಕಂಡುಕೊಂಡ ಕುಟುಂಬಕ್ಕೆ ರೈಲಿನೊಳಗೆ ಎದುರಾಗುವ ತೊಂದರೆ ಕಡಿಮೆ.

ಅರ್ಧ ಟಿಕೆಟ್‌ನ ಲೆಕ್ಕ

ಮಕ್ಕಳ ಪ್ರಯಾಣದರದ ನಿಯಮದ ಬಗ್ಗೆ ಹಳೆಯ ತಿಳಿವಳಿಕೆಯೇ ಅನೇಕರಲ್ಲಿ ಇನ್ನೂ ಉಳಿದಿದೆ. ಹಿಂದೆ 5ರಿಂದ 12 ವರ್ಷದೊಳಗಿನ ಮಗುವಿಗೆ ಅರ್ಧ ದರ ಕೊಟ್ಟರೆ ಪೂರ್ತಿ ಬರ್ತ್ ದೊರೆಯುತ್ತಿತ್ತು. 2016ರ ಏಪ್ರಿಲ್ 21ರಿಂದ ಈ ಪದ್ಧತಿ ಬದಲಾಯಿತು. ಈಗ ಈ ವಯಸ್ಸಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಕಿದ್ದರೆ ದೊಡ್ಡವರಷ್ಟೇ ದರ ಕೊಡಬೇಕು. ಅರ್ಧ ದರ ಕೊಟ್ಟರೆ ಪ್ರಯಾಣದ ಹಕ್ಕು ಮಾತ್ರ ಇರುತ್ತದೆ, ಬರ್ತ್ ಇರುವುದಿಲ್ಲ.

5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಆದರೆ ಅವರಿಗೂ ಬರ್ತ್ ಬೇಕೆಂದರೆ ಪೂರ್ಣ ದರವೇ. ಇದು ಕಡ್ಡಾಯವಲ್ಲ, ಪಾಲಕರ ಇಚ್ಛೆಗೆ ಬಿಟ್ಟದ್ದು ಎಂದು ರೈಲ್ವೆ 2022ರಲ್ಲಿ ಸ್ಪಷ್ಟಪಡಿಸಿತು. ಬರ್ತ್ ಇಲ್ಲದಿದ್ದರೂ ಕಾಯ್ದಿರಿಸುವಾಗ ಕೂಸಿನ ಹೆಸರು ಮತ್ತು ವಯಸ್ಸನ್ನು ನಮೂದಿಸಲು ಅವಕಾಶವಿದ್ದು, ಅದನ್ನು ಬಳಸಿಕೊಳ್ಳುವುದು ಒಳ್ಳೆಯದು.

ತಂದೆ, ತಾಯಿ, ಏಳು ಮತ್ತು ಮೂರು ವರ್ಷದ ಎರಡು ಮಕ್ಕಳಿರುವ ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಿರಿಯ ಮಗುವಿಗೆ ಅರ್ಧ ಟಿಕೆಟ್ ಪಡೆದರೆ ನಾಲ್ವರಿಗೆ ಎರಡೇ ಬರ್ತ್. ಏಳು ವರ್ಷದ ಮಗು ದೊಡ್ಡವರೊಂದಿಗೆ ಎರಡಡಿ ಜಾಗದಲ್ಲಿ ಮಲಗಿದರೆ ಇಬ್ಬರಲ್ಲಿ ಒಬ್ಬರು ಅಂಚಿಗೆ ಬರುವುದು ಅನಿವಾರ್ಯ. ಪೂರ್ಣ ದರ ಕೊಟ್ಟರೆ ಮೂರು ಬರ್ತ್ ದೊರೆತು, ಮೂರು ವರ್ಷದ ಮಗು ಮಾತ್ರ ಯಾರಾದರೊಬ್ಬರೊಂದಿಗೆ ಮಲಗಿದರೆ ಸಾಕಾಗುತ್ತದೆ. ನಾಲ್ಕೈದು ಗಂಟೆಯ ಹಗಲು ಪ್ರಯಾಣಕ್ಕೆ ಅರ್ಧ ಟಿಕೆಟ್ ನಿಜವಾದ ಉಳಿತಾಯ. ಇಡೀ ರಾತ್ರಿಯ ಪ್ರಯಾಣಕ್ಕೆ, ಅದರಲ್ಲೂ ಎರಡು ರಾತ್ರಿಗಳನ್ನು ರೈಲಿನಲ್ಲೇ ಕಳೆಯಬೇಕಾದ ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್‌ನಂಥ ದೂರದ ಪ್ರಯಾಣಕ್ಕೆ, ಆ ಉಳಿತಾಯದ ಬೆಲೆಯನ್ನು ಮನೆಮಂದಿಯೆಲ್ಲ ನಿದ್ದೆಗೆಟ್ಟು ತೆರಬೇಕಾಗುತ್ತದೆ. ಹಣಕಾಸಿನ ಅನುಕೂಲ ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ. ಆದರೆ ಒಂದನ್ನು ಉಳಿಸಲು ಇನ್ನೊಂದನ್ನು ಬಿಡುತ್ತಿದ್ದೇವೆ ಎಂಬ ಅರಿವಿನಿಂದ ಆಯ್ಕೆ ಮಾಡುವುದು ಲೇಸು.

ಬರ್ತ್ ಸಂಖ್ಯೆಯಲ್ಲಿ ಅಡಗಿರುವ ಗುಟ್ಟು

ಸ್ಲೀಪರ್ ಮತ್ತು ಸಾಮಾನ್ಯ ತೃತೀಯ ಎಸಿ ಬೋಗಿಗಳಲ್ಲಿ ಎಂಟೆಂಟು ಬರ್ತ್‌ಗಳಿಗೆ ಒಂದು ಅಂಕಣ. ಬರ್ತ್ ಸಂಖ್ಯೆಯನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 4 ಬಂದರೆ ಕೆಳಗಿನದು, 2 ಅಥವಾ 5 ಬಂದರೆ ನಡುವಿನದು, 3 ಅಥವಾ 6 ಬಂದರೆ ಮೇಲಿನದು. ಶೇಷ 7 ಆದರೆ ಬದಿಯ ಕೆಳಗಿನ ಬರ್ತ್, ಶೇಷವೇ ಇಲ್ಲದಿದ್ದರೆ ಬದಿಯ ಮೇಲಿನದು. ದ್ವಿತೀಯ ಎಸಿಯಲ್ಲಿ ಆರಾರು ಬರ್ತ್‌ಗಳ ಲೆಕ್ಕ. ಅಲ್ಲಿ ನಡುವಿನ ಬರ್ತ್ ಇರುವುದಿಲ್ಲ. ಈ ಲೆಕ್ಕ ಗೊತ್ತಿದ್ದರೆ ಟಿಕೆಟ್ ಕೈಗೆ ಬಂದ ಕ್ಷಣದಲ್ಲೇ ಯಾರು ಎಲ್ಲಿ ಮಲಗುವುದೆಂದು ಯೋಜಿಸಬಹುದು.

ಪುಟ್ಟ ಮಕ್ಕಳಿಗೆ ಕೆಳಗಿನ ಬರ್ತ್ ಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಅದರ ತೊಡಕು ಮಾತ್ರ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ನಡುವಿನ ಬರ್ತ್ ಬಿಡಿಸಿದ ಮೇಲೆ ಕೆಳಗಿನ ಬರ್ತ್‌ನಲ್ಲಿ ದೊಡ್ಡವರು ನೆಟ್ಟಗೆ ಕುಳಿತುಕೊಳ್ಳಲಾಗದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಡುವಿನ ಬರ್ತ್ ಬಿಡಿಸಿಕೊಂಡು ಮಲಗುವುದು ಅದರ ಪ್ರಯಾಣಿಕನ ಹಕ್ಕು. ಆ ಎಂಟು ಗಂಟೆಗಳಲ್ಲಿ ಎರಡು ಮೂರು ಬಾರಿ ಎದ್ದು ಕೂಸಿಗೆ ಹಾಲೂಡಿಸಬೇಕಾದ ತಾಯಿಗೆ ಇದು ದೊಡ್ಡ ಕಷ್ಟ. ಬದಿಯ ಕೆಳಗಿನ ಬರ್ತ್ ಮೇಲೆ ನಡುವಿನ ಬರ್ತ್ ಇಲ್ಲದ ಕಾರಣ ರಾತ್ರಿಯಿಡೀ ಕುಳಿತುಕೊಳ್ಳಬಹುದು. ಆದರೆ ಅದು ಓಡಾಟದ ದಾರಿಗೆ ತಾಗಿಕೊಂಡಿದ್ದು, ಮರೆ ಕಡಿಮೆ. ದೊಡ್ಡ ಸೀರೆಯನ್ನೋ ದುಪ್ಪಟ್ಟಾವನ್ನೋ ಅಡ್ಡ ಕಟ್ಟಿಕೊಳ್ಳಬೇಕಾಗುತ್ತದೆ. ನಡುವಿನ ಬರ್ತ್ ಕೂಡ ಕುಟುಂಬದವರದ್ದೇ ಆದರೆ ಅದನ್ನು ಯಾವಾಗ ಬಿಡಿಸಬೇಕೆಂಬುದು ಮನೆಯವರ ಕೈಯಲ್ಲೇ ಇರುತ್ತದೆ. ಆದ್ದರಿಂದ ಒಂದೇ ಸಾಲಿನ ಕೆಳಗಿನ ಮತ್ತು ನಡುವಿನ ಬರ್ತ್ ಸಿಕ್ಕರೆ ಅದೇ ಉತ್ತಮ.

ಕೂಸನ್ನು ಬರ್ತ್‌ನ ಒರಗುಗೋಡೆಯ ಬದಿಗೆ ಮಲಗಿಸಿ ದೊಡ್ಡವರು ಹೊರ ಅಂಚಿನಲ್ಲಿ ಮಲಗುವುದು ವಾಡಿಕೆ. ಕೆಲವೇ ತಿಂಗಳ ಶಿಶುವಾದರೆ ಗೋಡೆಗೂ ಮೈಗೂ ನಡುವೆ ಒತ್ತಿಹೋಗದಂತೆ, ಹೊದಿಕೆ ಮುಖದ ಮೇಲೆ ಬಾರದಂತೆ ಎಚ್ಚರ ಅಗತ್ಯ. ಸ್ಲೀಪರ್ ಬೋಗಿಯಲ್ಲಿ ಕಿಟಕಿಯ ಷಟರ್ ಕೊಂಡಿ ಸಡಿಲವಾಗಿದ್ದರೆ ಕುಲುಕಾಟಕ್ಕೆ ಥಟ್ಟನೆ ಕೆಳಗಿಳಿದು ಮಕ್ಕಳ ಬೆರಳು ಜಜ್ಜುವುದುಂಟು. ಹತ್ತಿದ ಕೂಡಲೇ ಅದನ್ನೊಮ್ಮೆ ಎತ್ತಿಳಿಸಿ ಪರೀಕ್ಷಿಸಬೇಕು. ಮೇಲಿನ ಬರ್ತ್ ಹತ್ತುವುದು ಮಕ್ಕಳಿಗೆ ಬಲು ಇಷ್ಟ. ಹಗಲಿನಲ್ಲಿ ದೊಡ್ಡವರ ಕಣ್ಣೆದುರು ಹತ್ತಿ ಆಡಲಿ. ರಾತ್ರಿ ಅಲ್ಲಿ ಮಲಗಿಸುವುದು ಬೇಡ. ಅಲ್ಲಿನ ತಡೆಕಂಬಿ ನಿದ್ದೆಯಲ್ಲಿ ಹೊರಳಾಡುವ ಮಗುವನ್ನು ತಡೆಯುವಷ್ಟು ಉದ್ದವಾಗಿಲ್ಲ.

ಕೋಟಾದಲ್ಲಿ ಯಾರಿದ್ದಾರೆ, ಯಾರಿಲ್ಲ

ಕೆಳಗಿನ ಬರ್ತ್‌ಗಳಲ್ಲಿ ಕೆಲವನ್ನು ಹಿರಿಯ ನಾಗರಿಕರು, 45 ವರ್ಷ ತುಂಬಿದ ಮಹಿಳೆಯರು ಮತ್ತು ಗರ್ಭಿಣಿಯರಿಗಾಗಿ ಮೀಸಲಿಡಲಾಗಿದೆ. ಸ್ಲೀಪರ್ ಬೋಗಿಗೆ ಆರೇಳು, ತೃತೀಯ ಎಸಿಗೆ ನಾಲ್ಕೈದು, ದ್ವಿತೀಯ ಎಸಿಗೆ ಮೂರು ನಾಲ್ಕು ಬರ್ತ್‌ಗಳು ಈ ಕೋಟಾಕ್ಕೆ ಸೇರುತ್ತವೆ. ಗರ್ಭಿಣಿಗೆ ಸಿಗುವ ಈ ಸೌಲಭ್ಯ ಆರು ತಿಂಗಳ ಕೂಸಿನ ತಾಯಿಗೆ ಅನ್ವಯಿಸುವುದಿಲ್ಲ. ಪುರುಷರ ಜೊತೆಯಿಲ್ಲದೆ ಪ್ರಯಾಣಿಸುವ ಮಹಿಳೆಯರಿಗೆ ದೂರದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಆರು ಬರ್ತ್‌ಗಳ ಪ್ರತ್ಯೇಕ ಮಹಿಳಾ ಕೋಟಾ ಇದೆ. ಆದರೆ ಅದು ಕೆಳಗಿನ ಬರ್ತ್‌ನ ಭರವಸೆಯಲ್ಲ.

ಹೀಗಾಗಿ ಉಳಿದಿರುವ ದಾರಿ ಬೇಗ ಕಾಯ್ದಿರಿಸುವುದು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಹಬ್ಬದ ದಿನಗಳಿಗೆ ಅವಧಿ ತೆರೆದ ದಿನವೇ ಪ್ರಯತ್ನಿಸದಿದ್ದರೆ ಬೇಕಾದ ಬರ್ತ್ ಸಿಗುವುದು ದುರ್ಲಭ. ಐಆರ್‌ಸಿಟಿಸಿ ತಾಣದಲ್ಲಿ ಕನಿಷ್ಠ ಒಂದು ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಟಿಕೆಟ್ ನೀಡುವಂತೆ ಅಥವಾ ಎಲ್ಲರಿಗೂ ಒಂದೇ ಬೋಗಿಯಲ್ಲಿ ಸಿಕ್ಕರೆ ಮಾತ್ರ ನೀಡುವಂತೆ ಕೋರುವ ಆಯ್ಕೆಗಳಿವೆ. ಅನೇಕರು ಗಮನಿಸದೆ ಬಿಡುವ ಈ ಸಣ್ಣ ಗುರುತು ಮಕ್ಕಳಿರುವ ಕುಟುಂಬಕ್ಕೆ ಬಹಳ ಉಪಯುಕ್ತ. ಮಕ್ಕಳ ಹೆಸರನ್ನು ಬೇರೆ ಟಿಕೆಟ್‌ನಲ್ಲಿ ಸೇರಿಸದೆ ಎಲ್ಲರನ್ನೂ ಒಂದೇ ಪಿಎನ್‌ಆರ್‌ನಲ್ಲಿ ಇಡುವುದೂ ಮುಖ್ಯ.

ಘಟ್ಟದ ಚಳಿ, ಕರಾವಳಿಯ ಸೆಕೆ

ಎಸಿಯೋ ಸ್ಲೀಪರ್ರೋ ಎಂಬ ಪ್ರಶ್ನೆಗೆ ಉತ್ತರ ದಾರಿಯ ಮೇಲೂ ಅವಲಂಬಿಸಿದೆ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಇದಕ್ಕೆ ಒಳ್ಳೆಯ ನಿದರ್ಶನ. ಸಂಜೆ ಬೆಂಗಳೂರು ಬಿಡುವ ಈ ರೈಲು ಹಾಸನ, ಸಕಲೇಶಪುರ ದಾಟಿ ಮಕ್ಕಳು ಗಾಢ ನಿದ್ದೆಯಲ್ಲಿರುವ ಹೊತ್ತಿಗೆ ಘಟ್ಟ ಇಳಿಯುತ್ತದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. ಕಡಿದಾದ ಇಳಿಜಾರಿನ ಕಾರಣ ರೈಲು ನಿಧಾನವಾಗಿ ಸಾಗುತ್ತದೆ. ಬೆಳಗಿನ ಜಾವಕ್ಕೆ ಕರಾವಳಿ ಮುಟ್ಟಿ ಉಡುಪಿ, ಕುಂದಾಪುರ, ಭಟ್ಕಳ, ಕುಮಟಾಗಳನ್ನು ಹಾದು ಕಾರವಾರ ಸೇರುತ್ತದೆ.

ಸಂಜೆ ಬೆಂಗಳೂರಿನ ಹಿತವಾದ ಹವೆ, ನಡುರಾತ್ರಿ ಘಟ್ಟದ ತಣ್ಣನೆಯ ಗಾಳಿ, ಬೆಳಿಗ್ಗೆ ಕರಾವಳಿಯ ಬೆವರು: ಮೂರು ಹವಾಮಾನಗಳನ್ನು ಮಗು ಒಂದೇ ರಾತ್ರಿಯಲ್ಲಿ ಕಾಣುತ್ತದೆ. ಸ್ಲೀಪರ್‌ನಲ್ಲಿ ಹೊರಟರೆ ಕಿವಿ ಮುಚ್ಚುವ ಟೊಪ್ಪಿಗೆ, ಶಾಲು ಕೈಗೆಟಕುವಂತಿರಬೇಕು. ಮಳೆಗಾಲದಲ್ಲಿ ಸಕಲೇಶಪುರಕ್ಕೆ ಮೊದಲೇ ಕಿಟಕಿ ಮುಚ್ಚಬೇಕು. ಒಂದೇ ದಪ್ಪ ಸ್ವೆಟರ್ ಹಾಕುವ ಬದಲು ತೆಳು ಬಟ್ಟೆಗಳನ್ನು ಒಂದರ ಮೇಲೊಂದು ತೊಡಿಸಿದರೆ ಬೆಳಿಗ್ಗೆ ಕಳಚುವುದು ಸುಲಭ. ಎಸಿ ಬೋಗಿಯಲ್ಲಿ ಹಾಸಿಗೆ ಹೊದಿಕೆ ದೊರೆಯುತ್ತದೆ, ಧೂಳು ಮತ್ತು ಗದ್ದಲ ಕಡಿಮೆ. ಸ್ಲೀಪರ್‌ನಲ್ಲಿ ಸಾಮಾನ್ಯವಾಗಿ ಹಾಸಿಗೆ ಕೊಡುವುದಿಲ್ಲವಾದ್ದರಿಂದ ಮನೆಯಿಂದಲೇ ಎರಡು ದುಪ್ಪಟಿ ಒಯ್ಯಬೇಕು. ಮಗುವಿಗೆ ಮನೆಯ ವಾಸನೆಯಿರುವ ಹಳೆಯ ಹೊದಿಕೆ ಇದ್ದರೆ ಅಪರಿಚಿತ ಜಾಗದಲ್ಲೂ ಬೇಗ ನಿದ್ದೆ ಹತ್ತುತ್ತದೆ.

ಇದೇ ದಾರಿ ಇನ್ನೊಂದು ಪಾಠವನ್ನೂ ಕಲಿಸಿದೆ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಬಳಿ ಭೂಕುಸಿತವಾಗಿ ಘಟ್ಟದ ರೈಲು ಸಂಚಾರ ಹಲವು ದಿನ ನಿಂತುಹೋಗಿತ್ತು. ಅಷ್ಟು ದೊಡ್ಡ ಅಡಚಣೆ ಅಪರೂಪವಾದರೂ ಮಳೆಗಾಲದಲ್ಲಿ ರೈಲು ಕೆಲವು ಗಂಟೆ ತಡವಾಗುವುದು ಅಸಹಜವೇನಲ್ಲ. ಮಕ್ಕಳ ಆಹಾರ, ನೀರು, ಔಷಧ ಮತ್ತು ಡೈಪರ್‌ಗಳನ್ನು ಪ್ರಯಾಣದ ಅವಧಿಗಿಂತ ಆರೆಂಟು ಗಂಟೆ ಹೆಚ್ಚು ಬರುವಂತೆ ಒಯ್ಯುವುದು ಜಾಣತನ.

ಊಟ, ನೀರು, ಹಾಲು

ಎಲ್ಲ ರೈಲುಗಳಲ್ಲೂ ಪ್ಯಾಂಟ್ರಿ ಕಾರ್ ಇರುವುದಿಲ್ಲ. ಐಆರ್‌ಸಿಟಿಸಿಯ ಇ-ಕೇಟರಿಂಗ್ ಮೂಲಕ ಆಯ್ದ ನಿಲ್ದಾಣಗಳಲ್ಲಿ ಊಟ ತರಿಸಿಕೊಳ್ಳಬಹುದಾದರೂ ರಾತ್ರಿ ರೈಲು ತಡವಾದರೆ ಮಗುವಿನ ಹಸಿವು ಅಲ್ಲಿಯವರೆಗೆ ಕಾಯುವುದಿಲ್ಲ. ರಾತ್ರಿಯೂಟವನ್ನು ಮನೆಯಲ್ಲೇ ಮುಗಿಸಿ ಹೊರಡುವಂಥ ರೈಲನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಡ್ಲಿ, ಚಪಾತಿ, ಬಾಳೆಹಣ್ಣು, ಹುರಿದ ಅವಲಕ್ಕಿ, ಮಂಡಕ್ಕಿ ರೈಲಿಗೆ ಹೇಳಿ ಮಾಡಿಸಿದ ತಿನಿಸುಗಳು. ಎಣ್ಣೆಯಲ್ಲಿ ಕರಿದದ್ದು, ಹೊಸ ಬಗೆಯ ತಿಂಡಿ, ಮಗು ಹಿಂದೆಂದೂ ರುಚಿ ನೋಡದ ಪದಾರ್ಥಗಳ ಪ್ರಯೋಗಕ್ಕೆ ರೈಲು ತಕ್ಕ ಜಾಗವಲ್ಲ. ಫ್ಲಾಸ್ಕ್‌ನಲ್ಲಿ ಬಿಸಿನೀರಿದ್ದರೆ ರಾಗಿ ಹುರಿಹಿಟ್ಟು ಎರಡು ನಿಮಿಷದಲ್ಲಿ ಸಿದ್ಧ.

ಆರು ತಿಂಗಳವರೆಗಿನ ಕೂಸಿಗೆ ಎದೆಹಾಲಿದ್ದರೆ ಬೇರೆ ನೀರೂ ಬೇಕಿಲ್ಲ. ಪುಡಿಹಾಲು ಕುಡಿಯುವ ಕೂಸಾದರೆ ಕುದಿಸಿದ ನೀರನ್ನು ಫ್ಲಾಸ್ಕ್‌ನಲ್ಲಿ, ಪ್ರತಿ ಬಾರಿಗೆ ಬೇಕಾದಷ್ಟು ಪುಡಿಯನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಒಯ್ದು ಆಗಿಂದಾಗ್ಗೆ ಕಲಸಬೇಕು. ಕಲಸಿದ ಹಾಲನ್ನು ಎರಡು ಗಂಟೆಯ ನಂತರ ಚೆಲ್ಲಬೇಕು. ಮನೆಯಲ್ಲೇ ಬಾಟಲಿ ತುಂಬಿಸಿಕೊಂಡು ರಾತ್ರಿಯಿಡೀ ಬಳಸುವುದು ಅಪಾಯಕರ. ಬೋಗಿಯ ಚಾರ್ಜಿಂಗ್ ಪ್ಲಗ್‌ಗೆ ವಿದ್ಯುತ್ ಕೆಟಲ್ ಹಾಕಿ ನೀರು ಕಾಯಿಸುವುದು ನಿಷಿದ್ಧ. ಬೆಂಕಿಯ ಅಪಾಯವೇ ಇದಕ್ಕೆ ಕಾರಣ.

ಔಷಧದ ಚೀಲದಲ್ಲಿ ವೈದ್ಯರು ಮಗುವಿನ ತೂಕಕ್ಕೆ ತಕ್ಕಂತೆ ಸೂಚಿಸಿದ ಜ್ವರದ ಔಷಧ, ಅದರ ಪ್ರಮಾಣ ಬರೆದ ಚೀಟಿ, ಥರ್ಮಾಮೀಟರ್ ಮತ್ತು ಓಆರ್‌ಎಸ್ ಇರಬೇಕು. ಪೊಟ್ಟಣದ ಮೇಲೆ ಬರೆದಷ್ಟು ಶುದ್ಧ ನೀರಿನಲ್ಲೇ ಓಆರ್‌ಎಸ್ ಕಲಸಬೇಕು. ಅಂದಾಜಿನಲ್ಲಿ ಅರ್ಧ ಲೋಟಕ್ಕೆ ಇಷ್ಟು ಪುಡಿ ಎಂದು ಸುರಿಯುವುದು ಮಗುವಿಗೆ ಹಾನಿಕರ.

ಶೌಚಾಲಯ ಮತ್ತು ಬಾಗಿಲು

ರಾತ್ರಿ ರೈಲಿನಲ್ಲಿ ಮಗುವಿಗೆ ಅತಿ ಹೆಚ್ಚು ಅಪಾಯವಿರುವ ಜಾಗ ಬೋಗಿಯ ಬಾಗಿಲ ಬಳಿಯದು. ಶೌಚಾಲಯ, ಕೈತೊಳೆಯುವ ಬೇಸಿನ್, ಎರಡು ಬೋಗಿಗಳ ನಡುವಿನ ಅಲುಗಾಡುವ ಹಾದಿ, ಎಷ್ಟೋ ಬಾರಿ ತೆರೆದೇ ಇರುವ ಬಾಗಿಲು, ಎಲ್ಲವೂ ಅಲ್ಲೇ ಇವೆ. ಎಂಟು ಹತ್ತು ವರ್ಷದ ಮಗುವೂ ಅಲ್ಲಿಗೆ ಒಂಟಿಯಾಗಿ ಹೋಗಬಾರದು. ಮಗುವನ್ನು ಒಳಗೆ ಬಿಡುವ ಮೊದಲು ಹೊರಬಾಗಿಲು ಮುಚ್ಚಿ ಚಿಲಕ ಹಾಕುವುದನ್ನು ದೊಡ್ಡವರು ರೂಢಿ ಮಾಡಿಕೊಳ್ಳಬೇಕು. ಮಲಗುವ ಮೊದಲೊಮ್ಮೆ ಕರೆದೊಯ್ದರೆ ನಡುರಾತ್ರಿಯ ಓಡಾಟ ಕಡಿಮೆಯಾಗುತ್ತದೆ.

ಈಗಿನ ಬೋಗಿಗಳಲ್ಲಿರುವುದು ಜೈವಿಕ ಶೌಚಾಲಯ. ಅದರೊಳಗೆ ಡೈಪರ್ ಅಥವಾ ಒರೆಸುವ ಬಟ್ಟೆ ಹಾಕಿದರೆ ಕಟ್ಟಿಕೊಂಡು ಇಡೀ ಬೋಗಿಯ ಪ್ರಯಾಣಿಕರು ಬೆಳಗಿನವರೆಗೆ ಬವಣೆ ಪಡಬೇಕಾಗುತ್ತದೆ. ಬಳಸಿದ ಡೈಪರನ್ನು ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಕಸದ ಡಬ್ಬಿಗೆ ಸೇರಿಸುವುದೇ ಸರಿ.

ಇಳಿಯುವ ಎರಡು ನಿಮಿಷ

ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ನಸುಕಿನಲ್ಲಿ ನಿದ್ದೆಗಣ್ಣಿನ ಮಕ್ಕಳು, ನಾಲ್ಕು ಚೀಲಗಳು ಮತ್ತು ಕತ್ತಲೆ ಸೇರಿದಾಗ ಆ ಅವಧಿ ಸಾಲುವುದಿಲ್ಲ. ಅರ್ಧ ಗಂಟೆ ಮುಂಚಿತವಾಗಿ ಎಚ್ಚರವಾಗುವಂತೆ ಮೊಬೈಲ್‌ನಲ್ಲಿ ಅಲಾರಂ ಇಟ್ಟು, ರೈಲು ಎಲ್ಲಿದೆಯೆಂಬುದನ್ನು ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನೋಡಿಕೊಳ್ಳಬೇಕು. ಮಕ್ಕಳಿಗೆ ಚಪ್ಪಲಿ ಹಾಕಿ, ಚೀಲಗಳನ್ನು ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಬಾಗಿಲ ಬಳಿಗೆ ಒಯ್ಯಬೇಕು. ಒಬ್ಬರು ಮೊದಲು ಇಳಿದು ಮಕ್ಕಳನ್ನು ಇಳಿಸಿಕೊಳ್ಳುವುದು, ಇನ್ನೊಬ್ಬರು ಒಳಗಿನಿಂದ ಮಕ್ಕಳನ್ನೂ ಆಮೇಲೆ ಚೀಲಗಳನ್ನೂ ದಾಟಿಸಿ ಕೊನೆಗೆ ಇಳಿಯುವುದು ಸುರಕ್ಷಿತ ಕ್ರಮ. ಚೀಲ ರೈಲಿನಲ್ಲಿ ಉಳಿದರೆ ಮತ್ತೆ ಸಿಗಬಹುದು. ಚಲಿಸುವ ರೈಲಿನಿಂದ ಮಗುವನ್ನೆತ್ತಿಕೊಂಡು ಇಳಿಯುವ ಸಾಹಸ ಮಾತ್ರ ಎಂದಿಗೂ ಬೇಡ.

ದೊಡ್ಡ ನಿಲ್ದಾಣಗಳ ಸಮಸ್ಯೆ ಬೇರೆ. ಹುಬ್ಬಳ್ಳಿಯಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಪ್ಲಾಟ್‌ಫಾರಂನ ಉದ್ದ 1,507 ಮೀಟರ್. ತಪ್ಪು ತುದಿಯಲ್ಲಿ ನಿಂತ ಕುಟುಂಬ ಮಕ್ಕಳನ್ನು ಎಳೆದುಕೊಂಡು ಓಡುವುದಾಗಬಾರದು. ಬೋಗಿ ನಿಲ್ಲುವ ಜಾಗವನ್ನು ಮೊದಲೇ ವಿಚಾರಿಸಿಕೊಂಡು ಅಲ್ಲೇ ಕಾಯಬೇಕು.

ಏನಾದರೂ ತಪ್ಪಿದಾಗ

ರೈಲು ಮತ್ತು ನಿಲ್ದಾಣಗಳಲ್ಲಿ ಮಕ್ಕಳು ಕೈತಪ್ಪುವುದು ಕೇವಲ ಕಲ್ಪನೆಯ ಭಯವಲ್ಲ. ‘ನನ್ಹೇ ಫರಿಶ್ತೇ’ ಹೆಸರಿನ ಕಾರ್ಯಾಚರಣೆಯಡಿ ರೈಲ್ವೆ ರಕ್ಷಣಾ ಪಡೆಯು 2018ರಿಂದ 2024ರ ಮೇ ತಿಂಗಳವರೆಗೆ 84,119 ಮಕ್ಕಳನ್ನು ರಕ್ಷಿಸಿದೆ. ಇವರಲ್ಲಿ ಮನೆ ಬಿಟ್ಟು ಬಂದವರೂ ಇದ್ದಾರೆ, ಕಾಣೆಯಾದವರೂ ಕುಟುಂಬದಿಂದ ಬೇರ್ಪಟ್ಟವರೂ ಇದ್ದಾರೆ.

ಮಗುವಿನ ಜೇಬಿನಲ್ಲಿ ಪಾಲಕರ ದೂರವಾಣಿ ಸಂಖ್ಯೆ, ರೈಲಿನ ಹಾಗೂ ಬೋಗಿಯ ಸಂಖ್ಯೆ ಬರೆದ ಚೀಟಿ ಇರಲಿ. ಹೊರಡುವ ದಿನ ಅದೇ ಉಡುಪಿನಲ್ಲಿ ತೆಗೆದ ಒಂದು ಚಿತ್ರ ಮೊಬೈಲ್‌ನಲ್ಲಿರಲಿ. ದಾರಿ ತಪ್ಪಿದರೆ ಹುಡುಕಿಕೊಂಡು ಓಡದೆ ನಿಂತಲ್ಲೇ ನಿಲ್ಲಬೇಕು, ಸಮವಸ್ತ್ರದವರಿಗೆ ಹೇಳಬೇಕು ಎಂದು ಮಗುವಿಗೆ ಮನೆಯಲ್ಲೇ ಕಲಿಸಬೇಕು. ಮಗು ಪ್ಲಾಟ್‌ಫಾರಂನಲ್ಲೇ ಉಳಿದು ರೈಲು ಹೊರಟರೆ ಅಪಾಯದ ಸರಪಳಿ ಎಳೆಯಲು ಹಿಂಜರಿಯಬೇಕಿಲ್ಲ. ಸಕಾರಣವಿಲ್ಲದೆ ಎಳೆದವರಿಗಷ್ಟೇ ರೈಲ್ವೆ ಕಾಯ್ದೆಯ 141ನೇ ಕಲಮು ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಭದ್ರತೆ, ವೈದ್ಯಕೀಯ ನೆರವು ಹಾಗೂ ದೂರುಗಳೆಲ್ಲಕ್ಕೂ ಈಗ ಒಂದೇ ಸಂಖ್ಯೆ 139. ಹಿಂದೆ ಭದ್ರತೆಗೆಂದು ಇದ್ದ 182 ಸಂಖ್ಯೆ 2021ರಲ್ಲಿ ಇದರೊಂದಿಗೆ ವಿಲೀನಗೊಂಡಿದೆ. ಮಕ್ಕಳ ಸಹಾಯವಾಣಿ 1098. ದಾರಿಯಲ್ಲಿ ಮಗುವಿಗೆ ಜ್ವರ ಏರಿದರೆ ಅಥವಾ ವಾಂತಿ ನಿಲ್ಲದಿದ್ದರೆ ಟಿಟಿಇಗೆ ತಿಳಿಸಿ 139ಕ್ಕೆ ಕರೆ ಮಾಡಿದಲ್ಲಿ ಮುಂದಿನ ಸೂಕ್ತ ನಿಲ್ದಾಣದಲ್ಲಿ ವೈದ್ಯರ ವ್ಯವಸ್ಥೆಗೆ ಪ್ರಯತ್ನಿಸಲಾಗುತ್ತದೆ. ಕರೆ ಮಾಡುವಾಗ ಪಿಎನ್‌ಆರ್, ಬೋಗಿ ಮತ್ತು ಬರ್ತ್ ಸಂಖ್ಯೆ ಕೈಯಲ್ಲಿರಬೇಕು.

ಮಕ್ಕಳೊಂದಿಗೆ ಒಬ್ಬಳೇ ಹೊರಟ ಮಹಿಳೆಗೆ ಇನ್ನೆರಡು ವಿಷಯ ತಿಳಿದಿರಬೇಕು. ರೈಲ್ವೆ ರಕ್ಷಣಾ ಪಡೆ 2020ರ ಅಕ್ಟೋಬರ್‌ನಲ್ಲಿ ದೇಶಾದ್ಯಂತ ಜಾರಿಗೆ ತಂದ ‘ಮೇರಿ ಸಹೇಲಿ’ ಯೋಜನೆಯಡಿ ಮಹಿಳಾ ಸಿಬ್ಬಂದಿಯು ಒಂಟಿ ಮಹಿಳಾ ಪ್ರಯಾಣಿಕರನ್ನು ಭೇಟಿ ಮಾಡಿ ನೆರವಿನ ಮಾಹಿತಿ ಕೊಡುತ್ತಾರೆ. ಟಿಕೆಟ್‌ನಲ್ಲಿ ಏನೇ ತೊಡಕಿದ್ದರೂ ಪುರುಷರ ಜೊತೆಯಿಲ್ಲದ ಮಹಿಳೆ ಅಥವಾ ಮಗುವನ್ನು ರಾತ್ರಿ ವೇಳೆ ರೈಲಿನಿಂದ ಇಳಿಸುವಂತಿಲ್ಲ. ಹಗಲಿನಲ್ಲೂ ಪ್ರಯಾಣ ಆರಂಭಿಸಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ ಇಳಿಸಬಹುದು ಎಂದು 1989ರ ರೈಲ್ವೆ ಕಾಯ್ದೆಯ 139ನೇ ಕಲಮು ಹೇಳುತ್ತದೆ.

ಆಗಬೇಕಾದದ್ದು ಇನ್ನೂ ಇದೆ

ಕೂಸುಗಳ ವಿಷಯದಲ್ಲಿ ರೈಲ್ವೆ ಏನೂ ಯೋಚಿಸಿಲ್ಲವೆಂದಲ್ಲ. 2022ರ ಮೇ ತಿಂಗಳಲ್ಲಿ ತಾಯಂದಿರ ದಿನದ ಸಂದರ್ಭದಲ್ಲಿ ಲಖನೌ ಮೇಲ್‌ನ ತೃತೀಯ ಎಸಿ ಬೋಗಿಯೊಂದರ 12 ಮತ್ತು 60ನೇ ಸಂಖ್ಯೆಯ ಕೆಳಗಿನ ಬರ್ತ್‌ಗಳಿಗೆ ಮಡಚಬಹುದಾದ ಶಿಶು ಬರ್ತ್ ಜೋಡಿಸಲಾಗಿತ್ತು. 77 ಸೆಂ.ಮೀ. ಉದ್ದ, 25.5 ಸೆಂ.ಮೀ. ಅಗಲದ ಆ ಪುಟ್ಟ ಹಲಗೆ, ತಾಯಿಯ ಬರ್ತ್‌ನ ಹೊರ ಅಂಚಿಗೆ ಸೇರಿಕೊಂಡು ಕೂಸಿಗೆ ಪಟ್ಟಿಯ ಆಸರೆಯೊಂದಿಗೆ ಬೇರೆ ಜಾಗ ಕೊಡುತ್ತಿತ್ತು. ಪ್ರಯೋಗವಾಗಿ ಬಂದ ಈ ವ್ಯವಸ್ಥೆ ಎಲ್ಲ ರೈಲುಗಳಿಗೆ ವಿಸ್ತರಣೆಯಾಗಲಿಲ್ಲ.

ಶಿಶು ಬರ್ತ್ ತಯಾರಿಸಲು ಹಣ ಬೇಕು, ಸಮಯವೂ ಬೇಕು. ಆದರೆ ಗರ್ಭಿಣಿಯರ ಪಟ್ಟಿಗೆ ಎಳೆಗೂಸಿನ ತಾಯಂದಿರನ್ನೂ ಸೇರಿಸಿ ಕೆಳಗಿನ ಬರ್ತ್ ಕೊಡಲು ಬೇಕಾದದ್ದು ಒಂದು ಆದೇಶ ಮಾತ್ರ. ಅದು ಬರುವವರೆಗೆ ಇಂಥ ತಾಯಂದಿರ ರಾತ್ರಿ, ಮುಂಚಿತವಾಗಿ ಮಾಡಿದ ಆಯ್ಕೆಯನ್ನೂ ಸಹಪ್ರಯಾಣಿಕರ ಸೌಜನ್ಯವನ್ನೂ ಅವಲಂಬಿಸಿದೆ. ಕೆಳಗಿನ ಬರ್ತ್ ಬಿಟ್ಟುಕೊಡಿ ಎಂದು ಕೇಳುವುದು ಹಕ್ಕಲ್ಲ, ವಿನಂತಿ. ಅದನ್ನು ರಾತ್ರಿ 10 ಗಂಟೆಗೆ ಮೊದಲೇ ಕೇಳಿಕೊಳ್ಳುವುದು ಮರ್ಯಾದೆ. ಒಂಟಿಯಾಗಿ ಪ್ರಯಾಣಿಸುವ, ಮೇಲೆ ಹತ್ತಬಲ್ಲ ಆರೋಗ್ಯವಂತರು ಈ ವಿನಂತಿಗೆ ಒಪ್ಪಿದರೆ ಅವರು ಕಳೆದುಕೊಳ್ಳುವುದು ಅಲ್ಪ. ಕೂಸು ನೆಮ್ಮದಿಯಿಂದ ಮಲಗಿದರೆ ಆ ಅಂಕಣದ ಎಂಟೂ ಮಂದಿಗೆ ನಿದ್ದೆ ದೊರೆಯುತ್ತದೆ.